ಪ್ರೌಢ ಶ್ವಾನ-ಮಾರ್ಜಾಲ ಸ್ವೀಕಾರ ಮೀಮಾಂಸೆ

ಪೀಠಿಕೆ: ಪ್ರಾಣಿಗಳ ಆಶ್ರಯಧಾಮಕ್ಕೆ ಹೋದ ಗೃಹಸ್ಥನ ಕಾಲು ಮರಿಗಳ ಗೂಡಿನೆದುರೇ ನಿಂತುಬಿಡುವುದೇಕೆ, ಪಕ್ಕದ ಗೂಡಿನ ನಾಲ್ಕು ವರ್ಷದ ನಾಯಿ ಅವನ ಕಣ್ಣಿಗೆ ಬೀಳದಿರುವುದೇಕೆ ಎಂಬುದು ಇಲ್ಲಿನ ಜಿಜ್ಞಾಸೆ.

ಶಾಸನ ಪ್ರಮಾಣ: ಕ್ರಿ.ಶ. 949ರ ಸುಮಾರಿನ ಆತಕೂರು ಶಾಸನ ನೋಡಿ. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನೆಂಬ ಯೋಧನನ್ನು ಅವನ ಒಡೆಯ ಏನು ಬೇಕೆಂದು ಕೇಳಿದಾಗ, ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಕಾಡುಹಂದಿಯೊಡನೆ ಸೆಣಸಿ ಅದನ್ನೂ ಕೊಂದು ತಾನೂ ಸತ್ತಿತು. ಹಂದಿಯನ್ನು ಕೊಲ್ಲುವ ಪ್ರಾಣಿ ಹಾಲುಗಲ್ಲದ ಮರಿಯಲ್ಲ. ಆದ್ದರಿಂದ ಕನ್ನಡನಾಡಿನಲ್ಲಿ ಪ್ರೌಢಶ್ವಾನ ಸ್ವೀಕಾರಕ್ಕೆ ಸಾವಿರ ವರ್ಷ ದಾಟಿದೆ ಎಂದು ನಾವು ಸಾಧಿಸುತ್ತೇವೆ. ಒಪ್ಪದವರು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿ ಕಲ್ಲಿನೊಡನೆಯೇ ವಾದಿಸಬಹುದು. ಆ ಕಲ್ಲಿಗೆ ಪೂಜೆ ಮಾಡದೆ ಉಣ್ಣುವ ಗೊರವನಿಗೆ, ಅಂದರೆ ಪೂಜಾರಿಗೆ, ನಾಯಿಯ ಪಾಪ ತಟ್ಟಲಿ ಎಂಬ ಶಾಪವೂ ಅದರಲ್ಲಿದೆ. ಈಗಿನ ನಾಯಿಗೆ ಶಾಪದ ಹಂಗಿಲ್ಲ. ನೀವು ಚಪಾತಿ ಮುರಿಯುವಾಗ ಎದುರು ಕೂತು ಸುಮ್ಮನೆ ನೋಡುತ್ತದೆ, ಅಷ್ಟೇ.

ಪೂರ್ವಪಕ್ಷ ಒಂದು: ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?
ಖಂಡನೆ: ಗಾದೆ ಮರಕ್ಕೆ ಸಂಬಂಧಿಸಿದ್ದು. ಮರಕ್ಕೆ ಬಿಸ್ಕತ್ತಿನ ಆಸೆಯಿಲ್ಲ. ಮೇಲಾಗಿ ಹೀಗೆ ವಾದಿಸುವವರು ಐವತ್ತು ದಾಟಿದ ಮೇಲೆ ಫೋನ್‌ಪೇ ಕಲಿತವರು.

ಪೂರ್ವಪಕ್ಷ ಎರಡು: ಕುಲಗೋತ್ರ ತಿಳಿಯದು.
ಖಂಡನೆ: ಬೀದಿನಾಯಿಯ ಕಿವಿಯಂಚಿನ ಕಚ್ಚನ್ನು ಗಮನಿಸಿ. ಸಂತಾನಹರಣ ಚಿಕಿತ್ಸೆ ಮತ್ತು ರೇಬಿಸ್ ಲಸಿಕೆ ಆಗಿದೆ ಎಂಬುದಕ್ಕೆ ಅದು ರುಜು. ಇಷ್ಟು ಸ್ಪಷ್ಟ ದಾಖಲೆ ಜಾತಕದಲ್ಲೂ ಸಿಗದು. ಇನ್ನು ಕುಲವೇ ಬೇಕೆಂದು ದುಡ್ಡು ಸುರಿದು ತಂದ ಲ್ಯಾಬ್ರಡಾರ್, ಹಸ್ಕಿಗಳೂ ಯಜಮಾನರಿಗೆ ಬೇಸರ ಬಂದೊಡನೆ ಇದೇ ಧಾಮಗಳಿಗೆ ಬಂದು ಬೀಳುತ್ತವೆ. ಕುಲ ಕಾಪಾಡಲಿಲ್ಲ.

ಪೂರ್ವಪಕ್ಷ ಮೂರು: ದೊಡ್ಡ ಬೆಕ್ಕು ಹೊಂದಿಕೊಳ್ಳದು.
ಖಂಡನೆ: ಮೊದಲ ಕೆಲವು ದಿನ ಅದು ವಾಷಿಂಗ್ ಮಷೀನಿನ ಹಿಂದೆ ವಾನಪ್ರಸ್ಥದಲ್ಲಿರುತ್ತದೆ. ಇಟ್ಟ ಊಟ ರಾತ್ರಿ ಮಾಯವಾಗುತ್ತದೆ, ಬೆಕ್ಕು ಕಾಣದು. ಎಳೆದು ಹೊರತೆಗೆಯುವುದು ಶಾಸ್ತ್ರನಿಷಿದ್ಧ. ಕಾಯ್ದರೆ ತಾನಾಗಿಯೇ ಬಂದು, ನೀವು ಓದುತ್ತಿರುವ ಪೇಪರಿನ ಮೇಲೆ, ಓದುತ್ತಿರುವ ಸಾಲಿನ ಮೇಲೆಯೇ ಕೂರುತ್ತದೆ. ಆಗ ಮನೆಯ ಖಾತೆ ಬದಲಾಯಿತೆಂದು ತಿಳಿಯತಕ್ಕದ್ದು.

ಅಧಿಕಾರಿ ಲಕ್ಷಣ: ಧಾಮದವರು ಅರ್ಜಿ ತುಂಬಿಸಿ, ಮನೆ ನೋಡಲು ಬರುತ್ತಾರೆ. ಬಾಲ್ಕನಿಗೆ ಜಾಲರಿ ಉಂಟೋ, ಓನರ್ ಒಪ್ಪಿದ್ದಾರೋ, ಊರಿಗೆ ಹೋದಾಗ ನೋಡಿಕೊಳ್ಳುವವರು ಯಾರು ಎಂದು ಕೇಳುತ್ತಾರೆ. ಇಲ್ಲಿ ಪರೀಕ್ಷೆಗೆ ಕೂತವರು ಮನುಷ್ಯರು. ಪ್ರಾಣಿ ಎಂದೋ ಪಾಸಾಗಿದೆ: ಅದು ಎಷ್ಟು ಬೆಳೆಯುತ್ತದೆ, ಮಕ್ಕಳನ್ನು ಕಂಡರೆ ಏನು ಮಾಡುತ್ತದೆ, ಪಟಾಕಿಗೆ ಎಷ್ಟು ಹೆದರುತ್ತದೆ ಎಂಬುದೆಲ್ಲ ಧಾಮದವರಿಗೆ ಗೊತ್ತು. ಮರಿಯ ವಿಷಯದಲ್ಲಿ ಇವೆಲ್ಲ ಭವಿಷ್ಯ, ಪ್ರೌಢಪ್ರಾಣಿಯಲ್ಲಿ ಪ್ರತ್ಯಕ್ಷ.

ಸಿದ್ಧಾಂತ: ಪ್ರತ್ಯಕ್ಷಕ್ಕಿಂತ ದೊಡ್ಡ ಪ್ರಮಾಣವಿಲ್ಲ. ಆದುದರಿಂದ ವಾಚಕ ಮಹಾಶಯರೇ, ಧಾಮಕ್ಕೆ ಹೋದಾಗ ಮರಿಗಳ ಗೂಡು ದಾಟಿ ಮುಂದೆ ನಡೆಯಿರಿ. 'ಇಲ್ಲಿ ಎಲ್ಲರಿಗಿಂತ ಹೆಚ್ಚು ದಿನದಿಂದ ಇರುವವರು ಯಾರು?' ಎಂದು ಕೇಳಿ. ತೋರಿಸುತ್ತಾರೆ, ಕರೆದುಕೊಂಡು ಬನ್ನಿ.