ಪ್ರಾಯೋಜಕರು: ಸೋನಾ ಮಸಾಲ

ವಿವೇಕ ಶಾನಭಾಗರ ಕಾದಂಬರಿ ‘ಘಾಚರ್ ಘೋಚರ್’ ಬಂದದ್ದು 2013ರಲ್ಲಿ. ಶ್ರೀನಾಥ್ ಪೆರೂರ್ ಅದನ್ನು ಇಂಗ್ಲಿಷಿಗೆ ತಂದ ಮೇಲೆ ಹೊರದೇಶದವರೂ ಓದಿ ತಲೆದೂಗಿದರು. ಇಷ್ಟೆಲ್ಲ ಆದರೂ ಅದಕ್ಕೊಂದು ಸರಿಯಾದ ಕೊನೆ ಹಾಕಿಸೋಣ ಅಂತ ಯಾರಿಗೂ ಹೊಳೆಯಲಿಲ್ಲ. ಹೈದರಾಬಾದಿಗೆ ಹೋದ ಸೊಸೆ ಅನಿತಾ ಏನಾದಳು? ಗಂಡ ಕಾಫಿಹೌಸಿನಲ್ಲಿ ಕೂತು, ಗ್ಲಾಸು ಒಡೆದುಕೊಂಡು, ಕೈಯೆಲ್ಲ ರಕ್ತ ಮಾಡಿಕೊಳ್ಳುವಲ್ಲಿಗೆ ಕತೆ ನಿಂತೇಬಿಡುತ್ತದೆ. ದುಡ್ಡು ಕೊಟ್ಟು ಪುಸ್ತಕ ಕೊಂಡವರ ಗತಿ? ಸಂಜೆಯ ಧಾರಾವಾಹಿಯಲ್ಲಿ ಇಂಥ ಅನ್ಯಾಯ ನಡೆಯುವುದಿಲ್ಲ. ಹಾಗಾಗಿ ತಿದ್ದಿದ ಕತೆಯೊಂದನ್ನು ನಾನೇ ಸಿದ್ಧಮಾಡಿದ್ದೇನೆ.

ಮೊದಲ ತೊಂದರೆ ನಾಯಕನದು. ಅವನಿಗೆ ಹೆಸರೇ ಇಲ್ಲ. ಮನೆಯವರದೇ ಸೋನಾ ಮಸಾಲ ಕಂಪನಿಯಲ್ಲಿ ಡೈರೆಕ್ಟರು. ತಿಂಗಳಾದರೆ ಸಂಬಳ ಇದೆ, ಕೆಲಸ ಮಾತ್ರ ಇಲ್ಲ. ಇಂಥವನನ್ನು ನೋಡಲು ಜನ ಟಿ.ವಿ. ಯಾಕೆ ಹಾಕಬೇಕು, ಮನೆಯಲ್ಲೇ ಒಬ್ಬ ಇರುತ್ತಾನಲ್ಲ! ಆದ್ದರಿಂದ ಅವನೀಗ ಸೂರ್ಯಪ್ರತಾಪ್, ಸಾವಿರ ಕೋಟಿಯ ಒಡೆಯ. ಆ ಸಾವಿರ ಕೋಟಿ ಎಲ್ಲಿಂದ ಬಂತು ಅಂತ ಧಾರಾವಾಹಿಯಲ್ಲಿ ಯಾರೂ ಕೇಳುವುದಿಲ್ಲ. ಕಾದಂಬರಿ ಕೆಟ್ಟದ್ದೇ ಅದನ್ನು ಕೇಳಹೋಗಿ. ಇರುವೆ ಮುತ್ತಿದ ಪುಟ್ಟ ಮನೆ, ಕೆಲಸ ಹೋದ ಅಪ್ಪನ ಕೈಗೆ ಬಂದ ಹಣ, ಅದನ್ನು ಹೂಡಿ ಚಿಕ್ಕಪ್ಪ ಶುರುಮಾಡಿದ ಮಸಾಲೆ ವ್ಯಾಪಾರ... ಪ್ರತಿ ರೂಪಾಯಿಗೂ ಲೆಕ್ಕ! ಇರುವೆಗಳನ್ನು ಬೇಕಾದರೆ ಗ್ರಾಫಿಕ್ಸಿನವರು ನಾಗರಹಾವು ಮಾಡಿಕೊಡುತ್ತಾರೆ.

ನನ್ನನ್ನು ನಿಜಕ್ಕೂ ಕಾಡಿದ್ದು ಸುಹಾಸಿನಿಯ ಪ್ರಸಂಗ. ಚಿಕ್ಕಪ್ಪನನ್ನು ಹುಡುಕಿಕೊಂಡು ಒಬ್ಬ ಹೆಂಗಸು ಮನೆ ಬಾಗಿಲಿಗೆ ಬರುತ್ತಾಳೆ, ಅವನಿಗಾಗಿ ಮಸೂರ್ ಬೇಳೆಯ ಅಡುಗೆ ಮಾಡಿಕೊಂಡು. ಅಮ್ಮ ಮತ್ತು ಮಗಳು ಮಾಲತಿ ಬಾಯಿಗೆ ಬಂದಂತೆ ಬೈದು ಅಟ್ಟುತ್ತಾರೆ. ಚಿಕ್ಕಪ್ಪ ಹೊರಗೇ ಬರುವುದಿಲ್ಲ. ಮನೆ ಸಾಕುವವನನ್ನು ಯಾರೂ ಏನೂ ಕೇಳುವುದಿಲ್ಲ, ಸೊಸೆಯೊಬ್ಬಳನ್ನು ಬಿಟ್ಟು. ಆಮೇಲೆ ಕಾಣೆಯಾಗುವವಳೂ ಅವಳೇ. ಇಲ್ಲಿ ಗುಡುಗಿನ ಸದ್ದನ್ನು ಯಾರ ಮುಖಕ್ಕೆ ಹಾಕುವುದು? ಎಲ್ಲರೂ ಊಟಕ್ಕೆ ಒಟ್ಟಿಗೆ ಕೂರುವ, ಒಬ್ಬರಿಗೊಬ್ಬರು ಬಡಿಸುವ ಮರ್ಯಾದಸ್ಥರು. ಶಾಪ ಹಾಕಲು ಖಳ ಸಿಗದೆ, ಜನ ಸೋಫಾದ ಮೇಲೆ ಪಕ್ಕದಲ್ಲಿ ಕೂತವರ ಮುಖ ನೋಡತೊಡಗಿದರೆ ಗುರುವಾರ ಬರುವ ಟಿ.ಆರ್.ಪಿ. ಗತಿಯೇನು?

ಅದಕ್ಕೇ ಪಾಪವನ್ನೆಲ್ಲ ಮಾಲತಿಯ ತಲೆಗೆ ಕಟ್ಟಿದ್ದೇನೆ. ರೌಡಿಗಳನ್ನು ಕಟ್ಟಿಕೊಂಡು ಗಂಡನ ಮನೆಗೆ ನುಗ್ಗಿ ಒಡವೆ ತಂದವಳಾದ್ದರಿಂದ ಮೂಲದಲ್ಲೇ ಅವಳಿಗೆ ತಕ್ಕಮಟ್ಟಿನ ಅರ್ಹತೆ ಇದೆ. ಈಗ ದೊಡ್ಡ ಬೊಟ್ಟು, ಒಂದೇ ಹುಬ್ಬು ಏರಿಸುವ ಅಭ್ಯಾಸ, ರಾತ್ರಿಯಾದರೆ ಹಾಲಿನ ಲೋಟಕ್ಕೆ ಪುಡಿ ಬೆರೆಸುವ ಕೆಲಸ. ಅಮ್ಮ ಒಲೆಯ ಮುಂದೂ ಕಂಚಿ ರೇಷ್ಮೆಯಲ್ಲೇ ಇರುತ್ತಾರೆ. ತನ್ನ ಪಾಲಿನ ಆಸ್ತಿಯನ್ನು ಯಾರಿಗೋ ಕೊಟ್ಟುಬಿಟ್ಟಾನು ಅಂತ ಮನೆಯವರಿಗೆಲ್ಲ ಹೆದರಿಕೆ ಹುಟ್ಟಿಸುವ ಅಪ್ಪನನ್ನು ಮೊದಲ ಸಂಚಿಕೆಗೇ ಫೋಟೋ ಮಾಡಿ ಹಾರ ಹಾಕಿದ್ದೇನೆ. ಒಬ್ಬ ಕಲಾವಿದರ ಸಂಭಾವನೆಯೂ ಉಳಿಯಿತು.

ಕೊನೆಗೆ ಬರೋಣ. ಅನಿತಾಗೆ ನೆನಪು ಹೋಗುತ್ತದೆ. ಮುನ್ನೂರನೇ ಸಂಚಿಕೆಗೆ ಅವಳು ಬೇರೆ ಮುಖ ಹೊತ್ತು ಮರಳುತ್ತಾಳೆ, ಅಷ್ಟರಲ್ಲಿ ಹಳೆಯ ನಟಿ ಸಿನಿಮಾಕ್ಕೆ ಹೋಗಿರುತ್ತಾರೆ. ಎರಡು ಮಾತಾಡಿ ಸುಮ್ಮನಾಗುತ್ತಿದ್ದ ಕಾಫಿಹೌಸಿನ ಮಾಣಿ ವಿನ್ಸೆಂಟ್, ಪೇಟ ತೆಗೆದು ಪಿಸ್ತೂಲು ಹಿಡಿದರೆ ಸಿ.ಐ.ಡಿ. ಅಧಿಕಾರಿ! ಮಾಲತಿ ಜೈಲಿಗೆ. ಅದೇ ದುಡ್ಡಿನಲ್ಲಿ, ಅವಳ ಪಂಕ್ತಿಯಲ್ಲೇ ಉಂಡ ಉಳಿದವರೆಲ್ಲ ಅಪ್ಪಟ ಚಿನ್ನ. ಸೀಮಂತ, ಆರತಿ, ಸೋನಾ ಮಸಾಲ ಹಾಕಿದ ಬಿಸಿಬೇಳೆಬಾತು, ಶುಭಂ.

ಇಷ್ಟೆಲ್ಲ ಬದಲಾದ ಮೇಲೆ ಕಾದಂಬರಿಯಲ್ಲಿ ಉಳಿದದ್ದೇನು ಅಂತ ಕೆಲವರು ಕೇಳಿಯಾರು. ಉಳಿಯಲೇಬೇಕಾದದ್ದು ಉಳಿದಿದೆ: ಜಾಹೀರಾತಿನ ಜಾಗ.

ಆಸಕ್ತ ನಿರ್ಮಾಪಕರು ಬೇಗ ಬನ್ನಿ. ಶಾನಭಾಗರ ಒಪ್ಪಿಗೆಯನ್ನು ಮಾತ್ರ ನೀವೇ ಕೇಳಿಕೊಳ್ಳಬೇಕು, ನನಗೆ ಅಷ್ಟು ಧೈರ್ಯವಿಲ್ಲ.