ಆಚಂದ್ರಾರ್ಕದಿಂದ ಮಾರ್ಚ್ 31ರವರೆಗೆ: ಸಂಶೋಧನಾ ಯೋಜನೆಗಳ ಅವಧಿ ವಿಸ್ತರಣಾ ಪತ್ರಗಳ ಶಾಸನಶಾಸ್ತ್ರೀಯ ಅಧ್ಯಯನ

ಬಿ. ಎಲ್. ರೈಸ್ ಅವರು ಶಾಸನಗಳನ್ನು ಸಂಗ್ರಹಿಸಿ ಎಪಿಗ್ರಾಫಿಯಾ ಕರ್ನಾಟಿಕದ ಹನ್ನೆರಡು ಸಂಪುಟಗಳನ್ನು ಹೊರತಂದು ಶತಮಾನವೇ ಕಳೆದಿದೆ. ಹೊಲ, ಗದ್ದೆ, ಗುಡಿಯ ಹಿಂಭಾಗ, ಬಟ್ಟೆ ಒಗೆಯುವ ಕಲ್ಲು, ಯಾವುದನ್ನೂ ನಮ್ಮ ವಿದ್ವಾಂಸರು ಬಿಟ್ಟಿಲ್ಲ. ಆದರೂ ವಿಶ್ವವಿದ್ಯಾಲಯಗಳ ಆಡಳಿತ ಕಟ್ಟಡದ ಬೀರುಗಳಲ್ಲಿ ಮಲಗಿರುವ ಒಂದು ಬೃಹತ್ ಶಾಸನರಾಶಿಯತ್ತ ಯಾರ ಕಣ್ಣೂ ಹೋಗಿಲ್ಲವೆಂಬುದು ವಿಷಾದದ ಸಂಗತಿ. 'ಸಂಶೋಧನಾ ಯೋಜನೆಯನ್ನು ಪೂರ್ಣಗೊಳಿಸಲು ಹೆಚ್ಚುವರಿ ಕಾಲಾವಕಾಶ ಕೋರಿ' ಎಂಬ ಶೀರ್ಷಿಕೆಯ ಈ ಪತ್ರಗಳನ್ನು ರೈಸ್ ಗಮನಿಸದಿದ್ದುದು ಕ್ಷಮ್ಯ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಕಾಯಿದೆ ಬಂದದ್ದು 1956ರಲ್ಲಿ, ಸಮಾಜ ವಿಜ್ಞಾನ ಸಂಶೋಧನೆಗೆ ಹಣ ಕೊಡುವ ಐಸಿಎಸ್ಎಸ್ಆರ್ ಹುಟ್ಟಿದ್ದು 1969ರಲ್ಲಿ. ನಂತರ ಬಂದವರಿಗೆ ಈ ನೆಪ ಸಲ್ಲುವುದಿಲ್ಲ.

ವಿಸ್ತರಣಾ ಪತ್ರ ಅರ್ಥವಾಗಬೇಕಾದರೆ ಮೊದಲು ಅದರ ಮಾತೃಶಾಸನವಾದ ಮಂಜೂರಾತಿ ಆದೇಶವನ್ನು ಓದಬೇಕು. ಇದು ಅಪ್ಪಟ ದತ್ತಿ ಶಾಸನ. ಹಳೆಯ ದತ್ತಿ ಶಾಸನದಲ್ಲಿ ದಾನಿಯ ಪ್ರಶಸ್ತಿ, ದಾನ ಪಡೆದವನ ಗುಣವರ್ಣನೆ, ಕೊಟ್ಟ ಭೂಮಿಯ ನಾಲ್ಕು ದಿಕ್ಕಿನ ಎಲ್ಲೆ, ಸಾಕ್ಷಿಗಳು, ಕೊನೆಗೆ ಶಾಪಾಶಯ ಬರುತ್ತವೆ. ದೆಹಲಿಯಿಂದ ಬರುವ ಆದೇಶದಲ್ಲಿ ಇವೆಲ್ಲವೂ ಇವೆ. ಎಲ್ಲೆಯನ್ನೇ ನೋಡಿ: ಸಲಕರಣೆಗೆ ಇಷ್ಟು, ಕ್ಷೇತ್ರಕಾರ್ಯಕ್ಕೆ ಇಷ್ಟು, ಪುಸ್ತಕಕ್ಕೆ ಇಷ್ಟು, ಆಕಸ್ಮಿಕ ವೆಚ್ಚಕ್ಕೆ ಇಷ್ಟು. ಪೂರ್ವಾನುಮತಿಯಿಲ್ಲದೆ ಪುಸ್ತಕದ ಗದ್ದೆಯ ನೀರನ್ನು ಪ್ರಯಾಣದ ಗದ್ದೆಗೆ ಹರಿಸುವಂತಿಲ್ಲ. ಆದೇಶದ ತಳದಲ್ಲಿರುವ 'ಪ್ರತಿ: ಕುಲಸಚಿವರು, ಹಣಕಾಸು ಅಧಿಕಾರಿ, ಕಚೇರಿ ಪ್ರತಿ' ಎಂಬ ಸಾಲು ಸಾಕ್ಷಿಗಳ ಪಟ್ಟಿಯಲ್ಲದೆ ಬೇರೇನೂ ಅಲ್ಲ.

ಶಾಪಾಶಯದ ವಿಷಯದಲ್ಲಿ ಮಾತ್ರ ಪರಂಪರೆ ಸ್ವಲ್ಪ ಸೊರಗಿದೆ. ಸುಮಾರು ಕ್ರಿ.ಶ. 450ರದೆನ್ನಲಾದ ಹಲ್ಮಿಡಿ ಶಾಸನದಲ್ಲೇ ದತ್ತಿ ಕದ್ದವನಿಗೆ ಮಹಾಪಾತಕ ಕಾದಿತ್ತು. ಮುಂದಿನ ಶತಮಾನಗಳಲ್ಲಿ ಅದು ವಾರಾಣಸಿಯಲ್ಲಿ ಸಾವಿರ ಕವಿಲೆ ಹಸುಗಳನ್ನು ಕೊಂದ ಪಾಪದವರೆಗೆ ಬೆಳೆಯಿತು. ಸಾಮಾನ್ಯ ಹಣಕಾಸು ನಿಯಮಗಳು (ಜಿಎಫ್ಆರ್), 2017ರ ಪ್ರಕಾರ ಷರತ್ತು ಮುರಿದವನು, ಬಾಂಡ್ ಬರೆದುಕೊಟ್ಟಿದ್ದರೆ, ಅನುದಾನವನ್ನು ವರ್ಷಕ್ಕೆ ಶೇ. 10ರ ಬಡ್ಡಿ ಸಮೇತ ಹಿಂದಿರುಗಿಸಬೇಕು. ಕವಿಲೆಯ ಪಾಪಕ್ಕೆ ಹೋಲಿಸಿದರೆ ಇದು ಸೌಮ್ಯವೆಂದು ಒಂದು ಪಂಗಡ ವಾದಿಸುತ್ತದೆ. ಆ ಪಂಗಡದವರು ಯಾರೂ ಆಡಿಟ್ ಎದುರಿಸಿದವರಲ್ಲ.

ಇಷ್ಟೆಲ್ಲ ಸಾಮ್ಯವಿದ್ದೂ ಒಂದೇ ಒಂದು ಕಡೆ ಎರಡೂ ಬೇರೆಯಾಗುತ್ತವೆ, ಮತ್ತು ಪ್ರಸ್ತುತ ಪ್ರಬಂಧದ ಪ್ರಮೇಯ ನಿಂತಿರುವುದೇ ಅಲ್ಲಿ. ಹಳೆಯ ದತ್ತಿ ಆಚಂದ್ರಾರ್ಕಸ್ಥಾಯಿ, ಅಂದರೆ ಸೂರ್ಯ ಚಂದ್ರರಿರುವವರೆಗೆ. ಹೊಸ ದತ್ತಿ ಎರಡು ವರ್ಷ, ಹೆಚ್ಚೆಂದರೆ ಮೂರು. ಈ ಕಾರಣಕ್ಕೇ ರಾಷ್ಟ್ರಕೂಟರ ಕಾಲದ ಯಾವ ಅಗ್ರಹಾರದ ಮಹಾಜನರೂ 'ಅಧ್ಯಾಪನ ಶೇ. 70ರಷ್ಟು ಮುಗಿದಿರುತ್ತದೆ, ಉಳಿದುದಕ್ಕೆ ಆರು ತಿಂಗಳ ಕಾಲಾವಕಾಶ ನೀಡಬೇಕಾಗಿ ವಿನಂತಿ' ಎಂದು ಕಲ್ಲು ಕೆತ್ತಿಸಿದ್ದು ಸಿಕ್ಕಿಲ್ಲ. ದಾನದೊಳಗೆ ಗಡುವು ಹೊಕ್ಕ ದಿನವೇ ವಿಸ್ತರಣಾ ಪತ್ರವೆಂಬ ಪ್ರಕಾರ ಹುಟ್ಟಿತು.

ಹೊರರೂಪದಲ್ಲಿ ಹಳೆಯ ನೆನಪು ಇನ್ನೂ ಉಳಿದಿದೆ. ನಮ್ಮ ಕಚೇರಿ ಪತ್ರಗಳಲ್ಲಿ 'ವಿಷಯ', 'ಉಲ್ಲೇಖ' ಮುಗಿದ ಮೇಲೆ ಹಾಳೆಯ ನಡುವೆ ನಾಲ್ಕೈದು ನಕ್ಷತ್ರಗಳನ್ನು ಟೈಪ್ ಮಾಡುವ ರೂಢಿಯಿದೆ. ಏಕೆಂದು ಯಾವ ಗುಮಾಸ್ತರನ್ನು ಕೇಳಿದರೂ 'ಹಾಗೇ ಹಾಕೋದು ಸಾರ್' ಎಂಬುದಕ್ಕಿಂತ ಹೆಚ್ಚಿನ ಉತ್ತರ ದೊರೆಯದು. ಶಾಸನದ ಕಲ್ಲಿನ ನೆತ್ತಿಯ ಮೇಲೆ ಕೆತ್ತುತ್ತಿದ್ದ ಸೂರ್ಯಚಂದ್ರರ ಅವಶೇಷವೇ ಇದು ಎಂಬುದು ನಮ್ಮ ಸಿದ್ಧಾಂತ. ಸೂರ್ಯ ಚಂದ್ರರನ್ನು ಹಣಕಾಸು ವಿಭಾಗ ಕಡಿತಗೊಳಿಸಿದೆ; ನಕ್ಷತ್ರಗಳು ಮಾತ್ರ ಉಳಿದಿವೆ. ಶಾಸನದ ಕೊನೆಯಲ್ಲಿ ಅದನ್ನು ರಚಿಸಿದ ಕವಿ, ಕಂಡರಿಸಿದ ರೂವಾರಿ ಇಬ್ಬರ ಹೆಸರೂ ಎಷ್ಟೋ ಕಡೆ ಇರುತ್ತಿತ್ತು. ವಿಸ್ತರಣಾ ಪತ್ರವನ್ನು ರಚಿಸುವುದು ಯೋಜನಾ ಸಹಾಯಕ, ಸಹಿ ಪ್ರಧಾನ ಸಂಶೋಧಕರದು. ಇಷ್ಟರ ಮಟ್ಟಿಗೆ ಕಲ್ಯಾಣದ ಚಾಲುಕ್ಯರು ನಮಗಿಂತ ಪ್ರಾಮಾಣಿಕರು.

ಕಾಲನಿರ್ಣಯದ ಸಮಸ್ಯೆ ಬಹಳ ಜಟಿಲ. ಶಾಲಿವಾಹನ ಶಕೆಗೆ 78 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ, ಅಲ್ಲಿಗೆ ತಕರಾರು ಮುಗಿಯಿತು. ವಿಸ್ತರಣಾ ಪತ್ರಗಳಲ್ಲಾದರೋ ಎರಡು ಶಕೆಗಳು ಏಕಕಾಲದಲ್ಲಿ ಚಾಲ್ತಿಯಲ್ಲಿವೆ. ಆದೇಶದ ದಿನಾಂಕದಿಂದ ಎಣಿಸುವುದು ಮಂಜೂರಾತಿ ಶಕೆ; ಮೊದಲ ಕಂತು ವಿಶ್ವವಿದ್ಯಾಲಯದ ಖಾತೆಗೆ ಬಿದ್ದ ದಿನದಿಂದ ಎಣಿಸುವುದು ಜಮಾ ಶಕೆ. ದೆಹಲಿ ಮೊದಲನೆಯದನ್ನು ಮಾನ್ಯ ಮಾಡುತ್ತದೆ, ಸಂಶೋಧಕ ಎರಡನೆಯದರಲ್ಲಿ ಬದುಕುತ್ತಾನೆ. ಒಂದರಿಂದ ಇನ್ನೊಂದಕ್ಕೆ ಬರಲು ಎಷ್ಟು ಕೂಡಿಸಬೇಕೆಂಬ ಬಗ್ಗೆ ಒಮ್ಮತವಿಲ್ಲ.

ಸಿದ್ಧಾಂತ ಸಾಕು, ನಿದರ್ಶನವೊಂದನ್ನು ಕಲ್ಪಿಸಿಕೊಳ್ಳೋಣ. ಕೋಲಾರದ ಕಡೆಯ ಕೆರೆಗಳಿಗೆ ಮಳೆಗಾಲದಲ್ಲಿ ಹರಿದುಬರುವ ನೀರನ್ನು ಅಳೆಯುವ ಎರಡು ವರ್ಷದ ಯೋಜನೆ. ಮಂಜೂರಾತಿ ಪತ್ರ ಸೆಪ್ಟೆಂಬರಿನಲ್ಲಿ ಬರುತ್ತದೆ. ಆ ಸೀಮೆಯಲ್ಲಿ ಮಳೆ ಜೋರಾಗುವುದೇ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಕೆರೆಗೆ ನೀರು ಬರುತ್ತಿರುತ್ತದೆ, ಖಾತೆಗೆ ಹಣ ಬಂದಿರುವುದಿಲ್ಲ. ಹಣ ಬರುವುದು ಮಾರ್ಚ್ ಕೊನೆಯ ವಾರ. ಹಿಂದಿನ ಅರಸರು ದಾನಕ್ಕೆ ಸೂರ್ಯಗ್ರಹಣ, ಉತ್ತರಾಯಣ ಸಂಕ್ರಮಣ, ವ್ಯತೀಪಾತಗಳನ್ನು ಹುಡುಕುತ್ತಿದ್ದರು; ಇಂದಿನ ಪುಣ್ಯಕಾಲ ಆರ್ಥಿಕ ವರ್ಷಾಂತ್ಯ. ವರ್ಷದ ಕೊನೆಯ ತಿಂಗಳುಗಳಲ್ಲಿ ಖರ್ಚಿಗೆ ಮುಗಿಬೀಳುವುದು ಆರ್ಥಿಕ ಔಚಿತ್ಯದ ಉಲ್ಲಂಘನೆಯೆಂದು ಮೇಲೆ ಹೇಳಿದ ಹಣಕಾಸು ನಿಯಮಗಳೇ ಸಾರುತ್ತವೆ. ಆ ನಿಯಮವನ್ನು ಓದಿದವರೇ ಮಾರ್ಚ್ 29ಕ್ಕೆ ಹಣ ಕಳಿಸುತ್ತಾರೆ, ಬೇಗ ಖರ್ಚು ಮಾಡಿ ಎಂಬ ಸೂಚನೆಯೊಂದಿಗೆ.

ಆಗ ಕೆರೆಯಂಗಳದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿರುತ್ತಾರೆ. ಸಂಶೋಧಕರು ಮಳೆಮಾಪಕ ಕೊಳ್ಳಲು ಹೊರಡುತ್ತಾರೆ. ವಿಭಾಗದ ಖರೀದಿ ಸಮಿತಿ ಕೂರಬೇಕು, ಕೋರಂ ಇಲ್ಲದೆ ಏಳಬೇಕು, ಮತ್ತೆ ಕೂರಬೇಕು. ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್‌ನಲ್ಲಿ ಬಿಡ್ ಕರೆದರೆ ಅತಿ ಕಡಿಮೆ ಬೆಲೆ ಹೇಳಿ ಎಲ್-1 ಆಗಿ ಗೆದ್ದವನು ಕಳಿಸಿದ ಯಂತ್ರ ಬೇರೆಯದೇ ಮಾದರಿಯದು. ಈ ನಡುವೆ ಯೋಜನಾ ಸಹಾಯಕರ ಹುದ್ದೆಗೆ ಜಾಹೀರಾತು ಕೊಟ್ಟು, ಸಂದರ್ಶನ ನಡೆಸಿ, ಆಯ್ಕೆಪಟ್ಟಿಗೆ ಕುಲಪತಿಗಳ ಅನುಮೋದನೆ ಪಡೆದು, ಆಗಸ್ಟಿನಲ್ಲಿ ಒಬ್ಬ ಹುಡುಗ ಸೇರುತ್ತಾನೆ. ಕೆರೆಗಳ ಹೆಸರು ಬಾಯಿಗೆ ಬರುವಷ್ಟರಲ್ಲಿ ಕೆ-ಸೆಟ್ ಪಾಸಾಗಿ ಅತಿಥಿ ಉಪನ್ಯಾಸಕನಾಗಿ ಹೊರಟುಹೋಗುತ್ತಾನೆ. ಸರಿಯಾದ ಮಾಪಕ ನವೆಂಬರಿನಲ್ಲಿ ಬರುತ್ತದೆ. ಮಳೆ ಹೋಗಿರುತ್ತದೆ.

ಎರಡನೆಯ ಕಂತು ಬೇಕಾದರೆ ಮೊದಲ ಕಂತಿಗೆ ಜಿಎಫ್ಆರ್ 12-ಎ ನಮೂನೆಯಲ್ಲಿ ಹಣ ಬಳಕೆ ಪ್ರಮಾಣಪತ್ರ ಕೊಡಬೇಕು. ಹಣ ಬಳಕೆಯಾಗದೆ ಪ್ರಮಾಣಪತ್ರವಿಲ್ಲ, ಸಹಾಯಕನಿಲ್ಲದೆ ಬಳಕೆಯಿಲ್ಲ, ಮುಂದಿನ ಕಂತು ಬರುವ ಭರವಸೆಯಿಲ್ಲದೆ ಹೊಸ ಸಹಾಯಕನಿಗೆ ಆದೇಶವಿಲ್ಲ. ಖರ್ಚಾಗದ ಹಣಕ್ಕೆ ಬ್ಯಾಂಕು ಬಡ್ಡಿ ಕೊಡುತ್ತದೆಯಷ್ಟೆ, ಆ ಬಡ್ಡಿಯನ್ನೂ ಭಾರತದ ಸಂಚಿತ ನಿಧಿಗೆ ಕಟ್ಟಬೇಕು. ಆ ಎರಡು ವರ್ಷಗಳಲ್ಲಿ ಈ ಯೋಜನೆ ನಿರ್ವಿವಾದವಾಗಿ ಉತ್ಪಾದಿಸಿದ್ದು ಅದೊಂದೇ. ಮಳೆ, ಹಣ, ಹುಡುಗ ಮೂರೂ ಒಂದೇ ತಿಂಗಳಲ್ಲಿ ಕೂಡುವ ಯೋಗ ಸೂರ್ಯಗ್ರಹಣಕ್ಕಿಂತ ಅಪರೂಪದ್ದು. ಗ್ರಹಣವನ್ನಾದರೆ ಪಂಚಾಂಗದವರು ಮೊದಲೇ ಹೇಳುತ್ತಾರೆ.

ಇದನ್ನೆಲ್ಲ ವಿಸ್ತರಣಾ ಪತ್ರದಲ್ಲಿ ಬರೆಯುತ್ತಾರೆಯೇ? ಇಲ್ಲ. ಅಲ್ಲಿ ಬರುವುದು 'ಅನಿವಾರ್ಯ ಕಾರಣಗಳಿಂದ' ಎಂಬ ಎರಡೇ ಪದ. ಕೊಟ್ಟವನ ಮುಂದೆ ಕೊಟ್ಟದ್ದು ತಡವಾಯಿತೆನ್ನುವುದು ಪ್ರಶಸ್ತಿಭಾಗಕ್ಕೆ ಅಪಚಾರ. ಆದ್ದರಿಂದ ತಪ್ಪನ್ನು ಮೂರನೆಯವರ ಮೇಲೆ, ಸಾಧ್ಯವಾದರೆ ಪ್ರಕೃತಿಯ ಮೇಲೆ, ಹೊರಿಸುವುದು ಸಂಪ್ರದಾಯ. ನ್ಯಾಕ್ ತಂಡದ ಭೇಟಿ, ಮೌಲ್ಯಮಾಪನ, ಚುನಾವಣಾ ಕರ್ತವ್ಯ ಇವು ಸಾಮಾನ್ಯ ಯುಗದ ಕಾರಣಗಳು. ರಾಜ್ಯದ ಪದವಿ ತರಗತಿಗಳಿಗೆ 2021ರಲ್ಲಿ ಬಂದ ನಾಲ್ಕು ವರ್ಷದ ವ್ಯವಸ್ಥೆ 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಇಳಿದದ್ದರಿಂದ, ಪಠ್ಯಕ್ರಮ ಬರೆಯುವ ಕೆಲಸ ಎರಡೆರಡು ಬಾರಿ ಬಂದು ಈ ಭಂಡಾರ ಶ್ರೀಮಂತವಾಯಿತು. ಆದರೆ ಈ ಸಾಹಿತ್ಯದ ಸುವರ್ಣಯುಗ ಆರಂಭವಾದದ್ದು 2020ರ ಮಾರ್ಚ್ 25ರಂದು, ವರ್ಷಾಂತ್ಯಕ್ಕೆ ಒಂದು ವಾರವೂ ಇಲ್ಲದಾಗ ಇಡೀ ದೇಶ ಬಾಗಿಲು ಹಾಕಿದ ದಿನ. ಕಾರಣ ಬರೆಯುವ ಶ್ರಮವೇ ಇಲ್ಲದೆ ವಿಸ್ತರಣೆ ದೊರೆತ ಕಾಲವದು. ಕೊರೊನಾಕ್ಕಿಂತ ಮೊದಲೇ ಗಡುವು ಮುಗಿದಿದ್ದ ಕೆಲವು ಯೋಜನೆಗಳೂ ಪೂರ್ವಾನ್ವಯವಾಗಿ ಅದರ ಸೋಂಕಿಗೆ ಒಳಗಾದವೆಂಬ ಐತಿಹ್ಯವಿದೆ.

ಶೇಕಡಾವಾರು ಪ್ರಗತಿಯ ವಿಷಯದಲ್ಲೂ ಛಂದೋನಿಯಮವಿದೆ. ಐವತ್ತು ಎಂದರೆ ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂಬ ಪ್ರಶ್ನೆ ಬರುತ್ತದೆ. ತೊಂಬತ್ತೈದು ಎಂದರೆ ಹಾಗಾದರೆ ಮುಗಿಸಿಬಿಡಿ ಎನ್ನುತ್ತಾರೆ. ಎಪ್ಪತ್ತರಿಂದ ಎಂಬತ್ತರ ನಡುವೆ ನಿಲ್ಲಿಸುವವನೇ ಜಾಣ. 'ದತ್ತಾಂಶ ಸಂಗ್ರಹ ಮುಗಿದಿದೆ, ವರದಿ ಬರವಣಿಗೆ ಬಾಕಿಯಿದೆ' ಎಂಬ ಸಾಲು ಇಲ್ಲಿ ಧ್ರುವಪದ.

ಪೂರ್ವಪಕ್ಷವೊಂದನ್ನು ಇಲ್ಲಿ ಎತ್ತಿಕೊಳ್ಳಬೇಕು. ಇದೆಲ್ಲ ಸೋಮಾರಿತನವೆಂಬುದು ಆ ವಾದ. ಸೋಮಾರಿಗಳಿಲ್ಲವೆಂದು ನಾವೂ ಹೇಳುವುದಿಲ್ಲ. ಕ್ಷೇತ್ರಕಾರ್ಯದ ಜೀಪಿನಲ್ಲಿ ಮಂತ್ರಾಲಯ ನೋಡಿ ಬಂದವರಿದ್ದಾರೆ. ಆದರೆ ಪುಣೆಯ ಭಂಡಾರ್ಕರ್ ಸಂಸ್ಥೆ ಮಹಾಭಾರತದ ಸಂಶೋಧಿತ ಆವೃತ್ತಿಯನ್ನು 1919ರಲ್ಲಿ ಕೈಗೆತ್ತಿಕೊಂಡು 1966ರಲ್ಲಿ ಮುಗಿಸಿತು. ಅದಕ್ಕೆ ಜೀವ ತೇದ ಸುಕ್ತಂಕರರು 1943ರಲ್ಲೇ ತೀರಿಕೊಂಡಿದ್ದರು. ಅದೇ ಊರಿನ ಡೆಕ್ಕನ್ ಕಾಲೇಜಿನ ಸಂಸ್ಕೃತ ನಿಘಂಟು 1948ರಲ್ಲಿ ಆರಂಭವಾಯಿತು. ದಶಕಗಳು ಉರುಳಿ ಸಂಪುಟದ ಮೇಲೆ ಸಂಪುಟ ಬಂದರೂ ಅದಿನ್ನೂ ಅಕಾರವನ್ನು ದಾಟಿಲ್ಲ. ಇವರನ್ನು ಸೋಮಾರಿಗಳೆನ್ನುವ ಧೈರ್ಯ ಯಾರಿಗಿದೆ? ಇವು ಆಚಂದ್ರಾರ್ಕ ಪಂಥದ ಕೆಲಸಗಳು. ಎರಡು ವರ್ಷದ ಅಳತೆಗೋಲಿನಿಂದ ಅಳೆದರೆ ಸುಕ್ತಂಕರರ ಮೇಜಿನ ಮೇಲೂ ವಿವರಣೆ ಕೇಳುವ ನೋಟೀಸು ಬೀಳುತ್ತಿತ್ತು.

ಪತ್ರ ಬರೆದ ಮೇಲೆ ಅದರ ಪ್ರಯಾಣ. ವಿಭಾಗದ ಮುಖ್ಯಸ್ಥರ ಮುಖಾಂತರ ಆವಕದಲ್ಲಿ ನಮೂದಾಗಿ, ಟಿಪ್ಪಣಿ ಹಾಳೆ ಕಟ್ಟಿಸಿಕೊಂಡು ಕಡತ ಮೇಲೇರುತ್ತದೆ. 'ಆದೇಶ ಕೋರಿ ಮಂಡಿಸಿದೆ' ಎಂದು ವಿಷಯ ನಿರ್ವಾಹಕರು. 'ಹಣಕಾಸು ವಿಭಾಗದ ಅಭಿಪ್ರಾಯದೊಂದಿಗೆ ಮಂಡಿಸಿ' ಎಂದು ಒಬ್ಬರು. 'ನಿಯಮಾನುಸಾರ ಕ್ರಮವಿಡಿ' ಎಂದು ಇನ್ನೊಬ್ಬರು. ಹಸಿರು ಶಾಯಿಯಲ್ಲಿ 'ಚರ್ಚಿಸಿ' ಎಂದು ಎಲ್ಲರಿಗಿಂತ ಮೇಲಿನವರು. ಯಾರೊಡನೆ, ಏನನ್ನು ಎಂಬುದು ಕಲ್ಲು ಮುಕ್ಕಾದುದರಿಂದ ತಿಳಿಯದು. ದುಂಡು ಮೊಹರು ಬಿದ್ದು ಅರ್ಧ ಪಠ್ಯ ನಷ್ಟವಾಗಿರುತ್ತದೆ. ಕಿರುಸಹಿಗಳ ಲಿಪಿ ಸಿಂಧೂ ಲಿಪಿಯಂತೆಯೇ ಇನ್ನೂ ಓದಿಗೆ ದಕ್ಕಿಲ್ಲ. ಆರು ತಿಂಗಳು ಕೇಳುವ ಪತ್ರ ಕಟ್ಟಡದಿಂದ ಹೊರಬೀಳಲು ನಾಲ್ಕು ತಿಂಗಳು ತೆಗೆದುಕೊಂಡರೆ ಉಳಿದೆರಡು ತಿಂಗಳನ್ನು ಯಾವ ಶಕೆಯಲ್ಲಿ ಎಣಿಸಬೇಕೆಂಬುದು ಮುಂದಿನ ಸಂಶೋಧಕರಿಗೆ ಬಿಟ್ಟ ವಿಷಯ.

ದೆಹಲಿಯ ಉತ್ತರ ಸಂಕ್ಷಿಪ್ತ. ಹೆಚ್ಚುವರಿ ಹಣವಿಲ್ಲದೆ ಮುಂದಿನ ಮಾರ್ಚ್ 31ರವರೆಗೆ ಅವಧಿ ವಿಸ್ತರಿಸಲಾಗಿದೆ, ಇನ್ನು ಮುಂದೆ ಯಾವುದೇ ಕಾರಣಕ್ಕೂ ವಿಸ್ತರಣೆಯನ್ನು ಪರಿಗಣಿಸಲಾಗುವುದಿಲ್ಲ. ಈ ಕೊನೆಯ ವಾಕ್ಯವನ್ನು ಶಾಪಾಶಯವೆಂದು ವರ್ಗೀಕರಿಸುವ ಮನಸ್ಸಾಗುತ್ತದೆಯಾದರೂ ಪ್ರಯೋಗ ಅದನ್ನು ಸಮರ್ಥಿಸುವುದಿಲ್ಲ. ಮರುವರ್ಷದ ಪತ್ರಗಳನ್ನು ಪರಿಶೀಲಿಸಿದರೆ, ಇದೇ ಆದೇಶ ಸಂಖ್ಯೆ, ದಿನಾಂಕಗಳ ಸಮೇತ, ನಕ್ಷತ್ರಗಳಿಗಿಂತ ಸ್ವಲ್ಪ ಮೇಲೆ, 'ಉಲ್ಲೇಖ 1' ಎಂದು ನಮೂದಾಗಿರುತ್ತದೆ.