ಹೋಳಿಗೆಗೆ ಕರೆದು ಗಂಜಿ ಬಡಿಸಿದ್ದು

ರಾಬರ್ಟ್ ಡಿ ನೀರೊ ಮತ್ತು ಆಲ್ ಪಚಿನೊ ಇಡೀ ಸಿನಿಮಾದಲ್ಲಿ ಜೊತೆಯಾಗಿ ಓಡಾಡಬೇಕೆಂಬುದು ಹಾಲಿವುಡ್ ಅಭಿಮಾನಿಗಳ ಹಳೇ ಹರಕೆ. 1974ರ ‘ಗಾಡ್‌ಫಾದರ್’ ಎರಡನೇ ಭಾಗದಲ್ಲಿ ಇಬ್ಬರೂ ಇದ್ದರು. ಆದರೆ ಒಬ್ಬರದು ಅಪ್ಪನ ಯೌವನ, ಇನ್ನೊಬ್ಬರದು ಬೆಳೆದ ಮಗನ ಪಾತ್ರ, ಎದುರಾಗುವುದಾದರೂ ಹೇಗೆ? 1995ರ ‘ಹೀಟ್’ನಲ್ಲಿ ಕಳ್ಳ-ಪೊಲೀಸರಾಗಿ ಒಂದೇ ಮೇಜಿಗೆ ಕುಳಿತು ಕಾಫಿ ಕುಡಿದರು. ಕೆಲವೇ ನಿಮಿಷ. ಆ ಘಮ ಇನ್ನೂ ಆರಿಲ್ಲ.

ಕಡೆಗೂ 2008ರಲ್ಲಿ ‘ರೈಟಿಯಸ್ ಕಿಲ್’ ಬಂತು. ಇಬ್ಬರೂ ನ್ಯೂಯಾರ್ಕಿನ ಪತ್ತೇದಾರರು: ಟರ್ಕ್ ಮತ್ತು ರೂಸ್ಟರ್. ರೂಸ್ಟರ್ ಎಂದರೆ ಹುಂಜ. ಚಿತ್ರಕ್ಕೆ ಮಾತ್ರ ಕೊನೆಯವರೆಗೂ ಬೆಳಗಾಗಲಿಲ್ಲ. ಹೆಣದ ಪಕ್ಕ ಪದ್ಯ ಬಿಟ್ಟುಹೋಗುವ ಕೊಲೆಗಾರನೊಬ್ಬನಿದ್ದಾನೆ. (ಕೊಲೆಗಿಂತ ಪದ್ಯಕ್ಕೇ ಹೆಚ್ಚು ಶಿಕ್ಷೆಯಾಗಬೇಕಿತ್ತು.) ಆರಂಭದಲ್ಲೇ ಡಿ ನೀರೊ ವಿಡಿಯೊದಲ್ಲಿ ತಪ್ಪೊಪ್ಪಿಕೊಳ್ಳುತ್ತಾರೆ. ಇಷ್ಟು ಬೇಗ ಒಪ್ಪಿಕೊಂಡವನು ಕೊಂದಿರಲಾರ ಎಂಬುದು ಪತ್ತೇದಾರಿ ಕಾದಂಬರಿ ಓದಿ ಬೆಳೆದವರಿಗೆ ಹೊಸತೇ? ಉಳಿದವರು ಯಾರೆಂದು ಬೆರಳೆಣಿಸಿದರೆ ಅರ್ಧ ದಾರಿಯಲ್ಲೇ ಗುಟ್ಟು ರಟ್ಟು.

ಕಥೆ ಬರೆದವರೂ ಸಾಮಾನ್ಯರಲ್ಲ, ‘ಇನ್‌ಸೈಡ್ ಮ್ಯಾನ್’ ಖ್ಯಾತಿಯ ರಸೆಲ್ ಗೆವಿರ್ಟ್ಜ್. ಬ್ರಯಾನ್ ಡೆನ್ನಿಹಿ, ಜಾನ್ ಲೆಗ್ವಿಜಾಮೊರಂಥ ನಟರು ಊಟದೆಲೆಯ ತುದಿಯ ಉಪ್ಪಿನಂತೆ ಉಳಿದರು.

ನಿರ್ದೇಶಕ ಜಾನ್ ಆವ್‌ನೆಟ್ ಅವರದೇ ‘88 ಮಿನಿಟ್ಸ್’ ಕೂಡ ಅದೇ ವರ್ಷ ಅಮೆರಿಕದಲ್ಲಿ ತೆರೆಕಂಡಿತ್ತು. ನಾಯಕ ಮತ್ತೆ ಪಚಿನೊ. ಎರಡಕ್ಕೂ ಸೇರಿಸಿ ಅವರಿಗೆ ‘ಅತಿ ಕೆಟ್ಟ ನಟ’ ಎಂಬ ರಾಜ್ಜಿ ಅಣಕು ಪ್ರಶಸ್ತಿಗೆ ನಾಮನಿರ್ದೇಶನವಾಯಿತು. ಪಾಪ, ಅದೂ ದಕ್ಕಲಿಲ್ಲ; ‘ದಿ ಲವ್ ಗುರು’ವಿನ ಮೈಕ್ ಮೈಯರ್ಸ್ ಹೊಡೆದುಕೊಂಡು ಹೋದರು.

2019ರಲ್ಲಿ ಮಾರ್ಟಿನ್ ಸ್ಕಾರ್ಸೆಸಿ ‘ದಿ ಐರಿಷ್‌ಮನ್’ನಲ್ಲಿ ಇದೇ ಜೋಡಿಗೆ ಪೈಜಾಮ ತೊಡಿಸಿ ಹೋಟೆಲ್ ಕೋಣೆಯಲ್ಲಿ ಮಾತಿಗೆ ಕೂರಿಸಿದರು. ಕಣ್ಣು ಕೀಳಲಾಗದ ದೃಶ್ಯ. ಪದ್ಯವಂತೂ ಇರಲೇ ಇಲ್ಲ.